ಆರೆ ನದಿಯಲ್ಲಿ ಈಜು: ಟಿಕೆಟ್ ಇಲ್ಲ, ತಡೆಯುವವರೂ ಇಲ್ಲ

ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡ್‌ಗೆ ಹೊರಟಿದ್ದೀರಾ? ಈಜು ಬರುತ್ತದಾ? ಹಾಗಾದರೆ ಸರೋವರದ ಪಕ್ಕದ ರೂಮಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಥೂನ್ ಸರೋವರದ ದಂಡೆಯ ಒಂದು ಹೋಟೆಲಿಗೆ ನಾವು ರಾತ್ರಿಗೆ 210 ಫ್ರಾಂಕ್ ಕೊಟ್ಟೆವು. ನೀರಿಗೆ ಎರಡೇ ಹೆಜ್ಜೆ ಅಂತ ಜಾಹೀರಾತಿನಲ್ಲಿತ್ತು. ಎರಡು ಹೆಜ್ಜೆ ಇಟ್ಟರೆ ಸಿಕ್ಕಿದ್ದು ಪಕ್ಕದ ಮನೆಯವರ ಬೇಲಿ. ಕೇಳಿದ್ದಕ್ಕೆ ಊರಿನ ಈಜು ತಾಣದ ಕಡೆ ಕೈ ತೋರಿಸಿದರು. ಅಲ್ಲಿ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು. ಜುಲೈ ಸೆಕೆಗೆ ರೂಮಿನಲ್ಲಿ ಒಂದು ಫ್ಯಾನೂ ಇಲ್ಲ, ಕಿಟಕಿ ತೆರೆಯುವುದು ನಾಲ್ಕು ಬೆರಳಿನಷ್ಟು. ಆ ದೇಶದಲ್ಲಿ ಸರೋವರದ ನೀರು ಎಲ್ಲರದ್ದು, ನಿಜ. ಆದರೆ ದಂಡೆಯಲ್ಲಿ ಖಾಸಗಿ ಜಾಗ ಜಾಸ್ತಿ. ಬುಕ್ ಮಾಡುವ ಮೊದಲು ಉಪಗ್ರಹ ನಕ್ಷೆ ತೆರೆದು, ನೀರಿನವರೆಗೆ ದಾರಿ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ.

ಆ ರೂಮನ್ನು ಬೇಗ ಖಾಲಿ ಮಾಡಿ ರಾಜಧಾನಿ ಬರ್ನ್‌ಗೆ ಬಂದೆವು. ಕಾಫಿಗೂ ಕೈ ನಡುಗುವ ಬೆಲೆ ಇರುವ ಊರಿನಲ್ಲಿ ಅತ್ಯುತ್ತಮವಾದದ್ದು ಪುಕ್ಕಟೆ ಸಿಗುತ್ತದೆ ಅಂದರೆ ನಂಬುತ್ತೀರಾ? ಸಂಸತ್ ಭವನದ ಕೆಳಗೆ, ಆರೆ ನದಿಯ ದಂಡೆಯಲ್ಲಿ ಮಾರ್ಜಿಲಿ ಎಂಬ ಈಜು ತಾಣವಿದೆ. ಒಳಗೆ ಹೋಗಲು ಒಂದು ಪೈಸೆ ಇಲ್ಲ. ಒಳಗಿನ ಕೊಳಗಳ ಹತ್ತಿರ ಸುಳಿಯಲೂ ಬೇಡಿ, ಮಕ್ಕಳ ಗಲಾಟೆ. ಬಟ್ಟೆ ಬದಲಿಸಿ, ದಂಡೆಯ ದಾರಿಯಲ್ಲಿ ಹರಿವಿಗೆ ಎದುರಾಗಿ ಐಕ್‌ಹೋಲ್ಟ್ಸ್ ಎಂಬ ಜಾಗದ ಕಡೆ ಅರ್ಧ ಗಂಟೆ ನಡೆಯಿರಿ. ಈಜುಡುಗೆಯಲ್ಲೇ ನಡೆಯುವವರ ಸಾಲೇ ಇರುತ್ತದೆ, ಸಂಕೋಚ ಬೇಡ. ದಾರಿ ಬಿಸಿಲಿಗೆ ಕಾದಿರುತ್ತದೆ, ನೀರಿನಲ್ಲೂ ಕಾಲಿನಲ್ಲೇ ಉಳಿಯುವ ರಬ್ಬರ್ ಶೂ ಹಾಕಿಕೊಳ್ಳಿ.

ನೀರಿಗಿಳಿದ ಕೂಡಲೇ ಉಸಿರು ಸಿಕ್ಕಿಕೊಳ್ಳುತ್ತದೆ. ಹಿಮನದಿಯಲ್ಲಿ ಹುಟ್ಟಿ, ಬ್ರಿಯೆಂಟ್ಸ್ ಮತ್ತು ಥೂನ್ ಸರೋವರಗಳನ್ನು ದಾಟಿ ಬರುವ ನೀರು ಅದು. 20 ಡಿಗ್ರಿ ದಾಟಿದರೆ ಅಲ್ಲಿಯವರಿಗೆ ಅದು ಬೆಚ್ಚಗಿನ ನೀರು! ಆಮೇಲೆ ಕೈ ಕಾಲು ಬಡಿಯುವ ಕೆಲಸವೇ ಇಲ್ಲ, ನದಿಯೇ ಹೊತ್ತೊಯ್ಯುತ್ತದೆ. ಕಿವಿಯನ್ನು ನೀರಿನೊಳಗೆ ಹಾಕಿ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಅದು ತಳದಲ್ಲಿ ಉರುಳುವ ಬೆಣಚುಕಲ್ಲುಗಳದ್ದು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಪ್ರವಾಸದಲ್ಲಿ ಕೇಳಿದ ಸದ್ದುಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಇನ್ನು ಹೊರಬರುವ ವಿಷಯ. ಇದನ್ನು ಗಮನವಿಟ್ಟು ಓದಿ. ದಂಡೆಯುದ್ದಕ್ಕೂ ಮೆಟ್ಟಿಲುಗಳಿಗೆ ಕೆಂಪು ಕಂಬಿ ಹಾಕಿದ್ದಾರೆ. ಕಂಬಿ ಕಣ್ಣಿಗೆ ಬೀಳುವ ಮೊದಲೇ ದಂಡೆಯ ಕಡೆ ಸರಿದಿರಬೇಕು. ಕೈಗೆ ಸಿಕ್ಕಿದ ತಕ್ಷಣ ಗಟ್ಟಿಯಾಗಿ ಹಿಡಿಯಿರಿ, ಕಾಲನ್ನು ನೀರು ಮುಂದಕ್ಕೆ ಎಳೆಯುತ್ತದೆ. ಒಂದು ತಪ್ಪಿದರೆ ಗಾಬರಿ ಬೇಡ, ಮುಂದಿನದು ಬರುತ್ತದೆ. ಆದರೆ ಮಾರ್ಜಿಲಿಯ ಕೊನೆಯ ಕಂಬಿ ತಪ್ಪಲೇಬಾರದು, ಮುಂದೆ ಇರುವುದು ನದಿಗೆ ಅಡ್ಡ ಕಟ್ಟಿದ ಶ್ವೆಲೆನ್‌ಮ್ಯಾಟೆಲಿ ಒಡ್ಡು. ಎಚ್ಚರಿಕೆಯ ಫಲಕಗಳಿವೆ, ಆದರೆ ಸೀಟಿ ಊದಿ ನಿಮ್ಮನ್ನು ಮೇಲೆ ಕರೆಯುವವರಿಲ್ಲ. ಈಜುವ ಸ್ವಾತಂತ್ರ್ಯ ನಿಮ್ಮದು, ಪ್ರಾಣದ ಹೊಣೆಯೂ ನಿಮ್ಮದೇ. ಈಜುಕೊಳದಲ್ಲಿ ಅಷ್ಟಿಷ್ಟು ಕಲಿತವರು ದಂಡೆಯಲ್ಲಿ ಕೂತು ನೋಡುವುದೇ ಸರಿ. ಮಳೆ ಬಂದು ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ, ಮರದ ತುಂಡು ತೇಲುತ್ತಿದ್ದರೆ ಅಲ್ಲಿಯವರೂ ಇಳಿಯುವುದಿಲ್ಲ. 'ಆರೆ ಗುರು' ಎಂಬ ಆ್ಯಪ್‌ನಲ್ಲಿ ಆಯಾ ಹೊತ್ತಿನ ನೀರಿನ ಬಿಸಿ, ಹರಿವು ಎರಡೂ ಸಿಗುತ್ತದೆ.

ಈಜಿದ ಮೇಲಿನ ಹಸಿವಿನ ಬಗ್ಗೆ ಕೇಳಲೇಬೇಡಿ. ಬರ್ನ್‌ನಲ್ಲಿ ತಂಗಿದವರಿಗೆ ಊರೊಳಗಿನ ಬಸ್, ಟ್ರಾಮ್ ಉಚಿತ. ಹೋಟೆಲಿನವರು ಕೊಡುವ ಆ ಟಿಕೆಟ್ ಹಿಡಿದು ಯೂರೋಪಾಪ್ಲಾಟ್ಸ್‌ಗೆ ಹೋಗಿ. ಅಲ್ಲಿ 'ಹೌಸ್ ಡೆರ್ ರೆಲಿಗಿಯೋನೆನ್', ಅಂದರೆ ಧರ್ಮಗಳ ಮನೆ, ಎಂಬ ಕಟ್ಟಡ ಇದೆ, 2014ರಲ್ಲಿ ತೆರೆದದ್ದು. ತಮಿಳರ ಶಿವ ದೇವಸ್ಥಾನ, ಮಸೀದಿ, ಬೌದ್ಧ ಕೇಂದ್ರ ಎಲ್ಲ ಒಂದೇ ಸೂರಿನಡಿ. ಅಲ್ಲೇ ವಣಕಂ ಅಂತ ಸಸ್ಯಾಹಾರಿ ಊಟದ ಮನೆ. ಬಿಸಿ ಅನ್ನ, ಬೇಳೆ, ತೆಂಗಿನಕಾಯಿ ಹಾಕಿದ ಬೀನ್ಸ್ ಪಲ್ಯ. ಚೀಸು ಬ್ರೆಡ್ಡು ತಿಂದು ಜಡ್ಡುಗಟ್ಟಿದ್ದ ನಾಲಿಗೆಗೆ ಜೀವ ಬಂತು. ಹಪ್ಪಳದ ಮೂಲೆಯನ್ನು ಬೇಳೆಯಲ್ಲಿ ಅದ್ದಿ ತಿನ್ನುತ್ತಾ ಸುತ್ತ ನೋಡಿದರೆ ಆಫೀಸಿನ ಸ್ವಿಸ್ ಮಂದಿಯೇ ಜಾಸ್ತಿ. ನಗರದ ಮಧ್ಯದ ಹೋಟೆಲುಗಳಿಗಿಂತ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿತು. ಮಧ್ಯಾಹ್ನಕ್ಕೆ ಹೋಗಿ, ತೆರೆದಿದೆಯಾ ಅಂತ ಮೊದಲೇ ನೋಡಿಕೊಂಡು.

ಬಾಸೆಲ್ ನಗರದಲ್ಲೂ ರೈನ್ ನದಿಯಲ್ಲಿ ಈಜಬಹುದು. ಹಡಗು ಓಡಾಡುವ ನದಿಯಾದ್ದರಿಂದ ಕ್ಲೈನ್‌ಬಾಸೆಲ್ ಎಂಬ ಬಲದಂಡೆಯ ಕಡೆಯೇ ಇರಬೇಕು. ಬಟ್ಟೆ, ಫೋನು ತುಂಬಿಕೊಳ್ಳಲು ಮೀನಿನ ಆಕಾರದ ವಿಕೆಲ್‌ಫಿಶ್ ಚೀಲ ಸಿಗುತ್ತದೆ. ಚೀಲದ ಬಾಯಿಯನ್ನು ಚೆನ್ನಾಗಿ ಸುತ್ತಿ ಮುಚ್ಚಿದರೆ ನೀರು ಹೋಗುವುದಿಲ್ಲ, ಆದರೆ ಅದನ್ನು ಲೈಫ್ ಜಾಕೆಟ್ ಅಂದುಕೊಳ್ಳಬೇಡಿ. 1986ರಲ್ಲಿ ಹತ್ತಿರದ ಶ್ವೈಟ್ಸರ್‌ಹಾಲೆಯಲ್ಲಿ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು ಇದೇ ನದಿ ಕೆಂಪಾಗಿ ಹರಿದಿತ್ತು, ಮೀನುಗಳು ರಾಶಿ ರಾಶಿ ಸತ್ತಿದ್ದವು. ಅಲ್ಲಿ ಈಗ ಜನ ಆಫೀಸು ಮುಗಿಸಿ ತೇಲಿಕೊಂಡು ಮನೆಗೆ ಹೋಗುತ್ತಾರೆ ಅಂದರೆ ಅಚ್ಚರಿ ಅಲ್ವಾ? ನನಗೆ ಮಾತ್ರ ಸಂಜೆಯ ಆ ಗುಂಪು ಸಹಿಸಲಾಗಲಿಲ್ಲ, ಎಡಕ್ಕೂ ಬಲಕ್ಕೂ ಚೀಲಗಳೇ. ಬೆಳಗ್ಗೆ ಹೋದರೆ ನದಿ ಖಾಲಿ. ಜಾತ್ರೆ ಇಷ್ಟಪಡುವವರು ಆಗಸ್ಟ್‌ನಲ್ಲಿ ಹೋಗಿ, ಆಗ ಊರಿಗೆ ಊರೇ ಒಟ್ಟಿಗೆ ನೀರಿಗಿಳಿಯುವ ವಾರ್ಷಿಕ ಈಜು ಇರುತ್ತದೆ.