ಗಣೇಶಗುಡಿಯ ಬಿದಿರಿನ ಮರೆಯಲ್ಲಿ ಕಾಕರಣೆ

ದಾಂಡೇಲಿಯಿಂದ ಸುಮಾರು 25 ಕಿಲೋಮೀಟರ್ ದೂರದ ಗಣೇಶಗುಡಿಯಲ್ಲಿ, ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ದಾಸ್ತಾನಿಡಲು ಬಳಸಿದ್ದ ಕಟ್ಟಡದ ಸುತ್ತ ಈಗ ಪಕ್ಷಿ ಛಾಯಾಗ್ರಾಹಕರು ಸದ್ದಿಲ್ಲದೆ ಕೂರುತ್ತಾರೆ. ಅದರ ಹೆಸರು ಓಲ್ಡ್ ಮ್ಯಾಗಜಿನ್ ಹೌಸ್, ಅಂದರೆ ಹಳೆಯ ಮದ್ದಿನ ಮನೆ. ಅಲ್ಲಿಗೆ ಹೋಗುವವರೆಗೂ ಅದೊಂದು ಪತ್ರಿಕೆಯ ಹಳೆಯ ಕಚೇರಿಯಿರಬೇಕೆಂದೇ ನಾನು ತಿಳಿದಿದ್ದೆ.

ಮೊದಲ ದಿನ ಹಕ್ಕಿಗಳು ನೀರಿಗಿಳಿಯುವ ತೊಟ್ಟಿಯೆದುರು ಮರೆಯಲ್ಲಿ ಕುಳಿತು ಕೆಂಪುಕೊರಳಿನ ಪಿಕಳಾರ, ಎಲೆಹಕ್ಕಿ, ನೊಣಹಿಡುಕಗಳನ್ನು ಬೇಕಾದಷ್ಟು ತೆಗೆದೆ. ಚಿತ್ರಗಳೆಲ್ಲ ಚೊಕ್ಕಟವಾಗಿದ್ದವು, ಆದರೆ ಯಾವುದರಲ್ಲೂ ಕಾಡು ಇರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಊರಿನವನೇ ಆದ ಮಾರ್ಗದರ್ಶಿಯೊಬ್ಬನ ಜೊತೆ ಕಾಲುದಾರಿ ಹಿಡಿದೆ.

ಅರ್ಧ ಗಂಟೆ ನಡೆದ ಮೇಲೆ ಆತ ತಟ್ಟನೆ ನಿಂತು ಬಿದಿರುಮೆಳೆಯತ್ತ ಗಲ್ಲ ಎತ್ತಿ ತೋರಿಸಿದ. ಸುಮಾರು ಹನ್ನೆರಡು ಮೀಟರ್ ಆಚೆ, ಇಂಗ್ಲಿಷಿನಲ್ಲಿ ಮಲಬಾರ್ ಟ್ರೋಗನ್ ಎನ್ನುವ ಕಾಡುಹಕ್ಕಿ, ಗಂಡು ಕಾಕರಣೆ ಕುಳಿತಿತ್ತು: ಕಪ್ಪು ತಲೆ, ಎದೆಯ ಮೇಲೊಂದು ಬಿಳಿ ಪಟ್ಟಿ, ಅದರ ಕೆಳಗೆ ಗುಲಾಬಿಗೆಂಪು ಹೊಟ್ಟೆ. ಕ್ಯಾಮೆರಾ ಎತ್ತಿದ್ದೇ ತಡ, ಫೋಕಸ್ ಮುಂದಿನ ಬಿದಿರೆಲೆಗೆ ಹೋಗಿ ಅಂಟಿಕೊಂಡಿತು. ಗುಂಡಿ ಬಿಟ್ಟು ಒತ್ತಿದರೆ ಹಿಂದಿನ ಮರದ ಕಾಂಡಕ್ಕೆ ಹಾರಿತು. ಹಕ್ಕಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅದಕ್ಕೆ ಕಾಣುತ್ತಿತ್ತು. ಎಂಟು ಮೀಟರಿಗಿಂತ ಹತ್ತಿರದ್ದನ್ನು ಹುಡುಕದಂತೆ ಲೆನ್ಸಿನ ಗುಂಡಿಯನ್ನು ಸರಿಸಿ, ಒಂದೇ ಫೋಕಸ್ ಬಿಂದುವನ್ನು ಕಣ್ಣಿನ ಮೇಲಿಟ್ಟು, ಉಳಿದದ್ದನ್ನು ಕೈಯಿಂದಲೇ ತಿರುಗಿಸಿ ಸರಿಪಡಿಸಬೇಕಾಯಿತು.

ಅಡ್ಡ ಬಂದ ಎಲೆಯನ್ನು ಸರಿಸಲು ಕೈ ಚಾಚಿದಾಗ ಮಾರ್ಗದರ್ಶಿ ಪಿಸುಗುಟ್ಟಿದ: "ಸರ್, ಕೊಂಬೆ ಮುಟ್ಟಬೇಡಿ. ಅದು ಬೆನ್ನು ತಿರುಗಿಸಿದರೆ ಮುಗಿಯಿತು. ನೀವೇ ಸ್ವಲ್ಪ ಸರಿಯಿರಿ." ಆತ ಹೇಳಿದ್ದು ಸರಿ. ಬೆದರಿದ ಕಾಕರಣೆ ತನ್ನ ಕಂದುಬಣ್ಣದ ಬೆನ್ನನ್ನು ನಮ್ಮತ್ತ ಮಾಡಿ ಅಲ್ಲಾಡದೆ ಕುಳಿತುಬಿಟ್ಟರೆ, ಎದುರಿಗಿದ್ದರೂ ಕಾಣುವುದಿಲ್ಲ.

ಅಂದು ಮಂಡಿಯೂರಿ ಕುಳಿತು ಅಂಗೈಯಗಲದಷ್ಟು ಎಡಕ್ಕೆ, ಬಲಕ್ಕೆ ಜರುಗಿ ನೋಡುತ್ತಿದ್ದಾಗ, ಪುಸ್ತಕದಲ್ಲಿ ಓದಿಯೂ ತಲೆಗೆ ಹೋಗದಿದ್ದ ಒಂದು ಸಂಗತಿ ಕಣ್ಣಿಗೇ ಕಂಡಿತು. 500 ಮಿಲಿಮೀಟರ್ ಲೆನ್ಸನ್ನು ಎಫ್ 5.6ರಲ್ಲಿ ತೆರೆದಾಗ ಅದರ ಬೆಳಕಿನ ಕಿಂಡಿ ಸುಮಾರು 89 ಮಿಲಿಮೀಟರ್ ಅಗಲವಿರುತ್ತದೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಎರಡು ಬೆರಳಗಲದ ಬಿದಿರೆಲೆ ಲೆನ್ಸಿಗೆ ತೀರ ಹತ್ತಿರವಿದ್ದರೆ ಆ ಕಿಂಡಿಯ ಒಂದು ಪಾಲನ್ನಷ್ಟೇ ಮುಚ್ಚುವುದರಿಂದ, ಉಳಿದ ಪಾಲಿನಿಂದ ಹಕ್ಕಿ ಕಾಣುತ್ತದೆ, ಎಲೆ ಕರಗಿ ತೆಳುವಾದ ಹಸಿರು ಮಬ್ಬಾಗುತ್ತದೆ. ಆದರೆ ಹಕ್ಕಿಯಿಂದ ಲೆನ್ಸಿಗೆ ಬರುವ ಬೆಳಕಿನ ದಾರಿ ಹಕ್ಕಿಯ ಬಳಿ ಶಂಕುವಿನ ತುದಿಯಂತೆ ಕಿರಿದಾಗಿರುವುದರಿಂದ, ಅಲ್ಲಿ ಒಂದು ಎಲೆತೊಟ್ಟು ಅಡ್ಡವಿದ್ದರೂ ಕಣ್ಣು ಮುಚ್ಚಿಹೋಗುತ್ತದೆ. ಹೆಚ್ಚು ಸ್ಪಷ್ಟತೆ ಸಿಗಲೆಂದು ನಾನು ಎಫ್ 11ಕ್ಕೆ ಇಳಿಸಿದೆ; ಕಿಂಡಿ ಅರ್ಧಕ್ಕಿಳಿದು, ಕರಗಿದ್ದ ಎಲೆ ಗಟ್ಟಿಯಾಗಿ ಮರಳಿ ಬಂತು. ತಕ್ಷಣ ಮೊದಲಿನಂತೆ ತೆರೆದೆ. ಮರಗಳ ನೆರಳಿನಲ್ಲಿ ಬೆಳಕೂ ಅಷ್ಟಕ್ಕಷ್ಟೇ ಇತ್ತು.

ಬಿಸಿಲೇರಿದಂತೆ ಇನ್ನೊಂದು ತೊಡಕು ಕಾಣಿಸಿತು. ಮುಂದಿನ ಎಲೆಗೆ ಬಿಸಿಲು ಬಿದ್ದೊಡನೆ ಮಬ್ಬು ಹಾಲು ಚೆಲ್ಲಿದಂತಾಗಿ, ಹೊಟ್ಟೆಯ ಕೆಂಪು ಬಿಳಿಚಿಕೊಂಡಿತು. ಕಂಪ್ಯೂಟರಿನಲ್ಲಿ ಆಮೇಲೆ ತಿದ್ದಬಹುದೆನ್ನುತ್ತಾರೆ. ಬಿಳಿಚಿದ್ದನ್ನು ತಕ್ಕಮಟ್ಟಿಗೆ ಹಿಂದಕ್ಕೆ ತಂದರೂ ಕೆಂಪಿನೊಳಗೆ ಸೇರಿಹೋದ ಹಸಿರನ್ನು ಹೊರಗೆಳೆಯುವುದು ನನಗಂತೂ ಸಾಧ್ಯವಾಗಿಲ್ಲ. ಆದ್ದರಿಂದ ಅಡ್ಡ ಬರುವ ಎಲೆ ನೆರಳಿನದಾಗಿರುವ ಜಾಗವನ್ನು ಹುಡುಕಿ, ಟೋಪಿಯನ್ನು ಲೆನ್ಸಿನ ಮೇಲ್ಭಾಗಕ್ಕೆ ಮರೆ ಹಿಡಿದು, ಇರುವೆ ಕಡಿಯುತ್ತಿದ್ದರೂ ಮಂಡಿಯೂರಿಯೇ ಕುಳಿತೆ.

ಇಪ್ಪತ್ತು ನಿಮಿಷದ ನಂತರ ಕಾಕರಣೆ ರೆಂಬೆಯಿಂದ ಹಾರಿ, ಗಾಳಿಯಲ್ಲೇ ತಿರುಗಿ, ಎಲೆಯ ಮೇಲಿದ್ದ ಹಸಿರು ಹುಳುವೊಂದನ್ನು ಕಿತ್ತುಕೊಂಡು ಮತ್ತೆ ಅಲ್ಲಿಗೇ ಬಂದಿತು. ಮನೆಗೆ ಬಂದು ನೋಡಿದಾಗ ಉಳಿಸಿಕೊಳ್ಳುವಂಥವು ನಾಲ್ಕೇ ಚಿತ್ರ. ಮೂರರಲ್ಲಿ ಮುಂದಿನ ಬಿದಿರು ತೆಳುಪರದೆಯಂತೆ ಕರಗಿ, ಹಕ್ಕಿ ನಿಚ್ಚಳವಾಗಿದೆ. ನಾಲ್ಕನೆಯದರಲ್ಲಿ ಎಲೆತೊಟ್ಟೊಂದು ಹೊಟ್ಟೆಯ ನಡುವೆ ಗೀಟೆಳೆದಂತೆ ಅಡ್ಡ ಹಾಯ್ದಿದೆ. ಆದರೆ ಕೊಕ್ಕಿನಲ್ಲಿ ಹುಳುವಿರುವುದು ಅದರಲ್ಲಿ ಮಾತ್ರ, ಹಾಗಾಗಿ ಮುದ್ರಿಸಿ ಗೋಡೆಗೆ ಹಾಕಿರುವುದು ಅದನ್ನೇ.