ಅವರು ವಿಂಬಲ್ಡನ್ ಆಡಿದ್ದರೇ?

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಭಾಗದ ಹಳೆಯ ದಾಖಲೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಿಂದೆ ವಿಶ್ವವಿದ್ಯಾಲಯದ ಪರವಾಗಿ ಆಡಿದವರನ್ನು ಕರೆದು ಗೌರವಿಸುವ ಹಾಲ್ ಆಫ್ ಫೇಮ್ ಸಮಾರಂಭ ಅಲ್ಲಿ ಪ್ರತಿ ವರ್ಷವೂ ನಡೆಯುತ್ತದೆ. ಆಯ್ಕೆ ಸಮಿತಿಯ ಮುಂದಿಡಬೇಕಾದ ವಿವರಗಳನ್ನು ಹುಡುಕಿಕೊಡುವ ಹೊಣೆ ನನ್ನದು. ಈ ಬಾರಿ ಗೌರವ ಪಡೆದವರಲ್ಲಿ 1970ರ ದಶಕದಲ್ಲಿ ಕಾಲೇಜು ಟೆನಿಸ್ ಆಡಿದ ಮಹಿಳೆಯೊಬ್ಬರಿದ್ದರು. ಅವರ ವಿಷಯ ಹೇಳಿದಾಗಲೆಲ್ಲ ಗೆಳೆಯರೂ ನೆಂಟರೂ ಕೇಳುವುದು ಒಂದೇ ಪ್ರಶ್ನೆ: "ಅವರು ವಿಂಬಲ್ಡನ್ ಆಡಿದ್ದರೇ?" ಇಲ್ಲ ಎಂದ ಕೂಡಲೇ ಎರಡನೆಯ ಪ್ರಶ್ನೆ ಬರುತ್ತದೆ: ವೃತ್ತಿಪರ ಆಟಗಾರ್ತಿಯೇ ಆಗದವರನ್ನು ಇಷ್ಟು ವರ್ಷಗಳ ಮೇಲೆ ಕರೆದು ಸನ್ಮಾನಿಸುವುದೇಕೆ? ಮಾತಿನ ನಡುವೆ ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಡುತ್ತ ಬಂದಿದ್ದೇನೆ. ಇಲ್ಲಿ ಪೂರ್ತಿಯಾಗಿ ಹೇಳುತ್ತೇನೆ.

ಕಾಲೇಜು ಟೆನಿಸ್ ಎಂಬುದು ವಿಂಬಲ್ಡನ್‌ಗೆ ಹತ್ತುವ ಮೆಟ್ಟಿಲು, ಅಲ್ಲಿಗೆ ತಲುಪದವರು ದಾರಿಯಲ್ಲಿ ಉಳಿದವರು ಎಂಬ ಭಾವನೆ ಈ ಪ್ರಶ್ನೆಯ ಹಿಂದಿದೆ. ಕೆಲವರಿಗೆ ಅದು ಮೆಟ್ಟಿಲು ಆಗಿದ್ದೂ ನಿಜ. ವರ್ಜೀನಿಯಾ ವಿಶ್ವವಿದ್ಯಾಲಯದ ಪರವಾಗಿ 2014 ಮತ್ತು 2016ರಲ್ಲಿ, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಸಿಂಗಲ್ಸ್ ಪ್ರಶಸ್ತಿ ಗೆದ್ದ ಡ್ಯಾನಿಯೆಲ್ ಕಾಲಿನ್ಸ್ 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ತಲುಪಿದರು. ಆದರೆ ಕಾಲೇಜು ತಂಡದಲ್ಲಿ ಆಡುವ ಬಹುಪಾಲು ಹುಡುಗಿಯರು ಪದವಿ ಪಡೆದ ಮೇಲೆ ವೈದ್ಯರೋ ಶಿಕ್ಷಕಿಯರೋ ಎಂಜಿನಿಯರರೋ ಆಗುತ್ತಾರೆ, ಮತ್ತು ಅವರ ಸ್ಪರ್ಧೆಯ ಬದುಕು ಅಲ್ಲಿಗೆ ಮುಗಿಯುತ್ತದೆ. ಮುಗಿಯಿತು ಎಂದ ಮಾತ್ರಕ್ಕೆ ಅದು ಅಪೂರ್ಣವಾಗುವುದಿಲ್ಲ. ವರ್ಷಕ್ಕೊಂದರಂತೆ ನಾಲ್ಕು ಋತುಗಳ ಆ ಆಟಕ್ಕೆ ತನ್ನದೇ ನಿಯಮಗಳಿವೆ, ತನ್ನದೇ ಕಷ್ಟಗಳಿವೆ, ಅಳೆಯಲು ತನ್ನದೇ ಅಳತೆಯಿದೆ.

ಆ ಅಳತೆ ಏನೆಂದು ತಿಳಿಯಬೇಕಾದರೆ ಪಂದ್ಯದ ಸ್ವರೂಪವನ್ನು ನೋಡಬೇಕು. ಎರಡು ಕಾಲೇಜುಗಳು ಎದುರುಬದುರಾದಾಗ ಒಟ್ಟು ಏಳು ಅಂಕಗಳಿಗೆ ಪೈಪೋಟಿ. ಮೊದಲು ಮೂರು ಡಬಲ್ಸ್ ಪಂದ್ಯಗಳು, ಒಂದೊಂದೇ ಸೆಟ್‌ನವು, ಅಕ್ಕಪಕ್ಕದ ಅಂಕಣಗಳಲ್ಲಿ ಏಕಕಾಲಕ್ಕೆ ನಡೆಯುತ್ತವೆ; ಅವುಗಳಲ್ಲಿ ಎರಡನ್ನು ಗೆದ್ದ ತಂಡಕ್ಕೆ ಒಂದು ಅಂಕ. ಆಮೇಲೆ ಆರು ಸಿಂಗಲ್ಸ್ ಪಂದ್ಯಗಳು, ಪ್ರತಿಯೊಂದಕ್ಕೂ ಒಂದು ಅಂಕ. ನಾಲ್ಕು ಅಂಕ ಮೊದಲು ಗಳಿಸಿದ ತಂಡ ಗೆದ್ದಂತೆ. ಗೇಮಿನಲ್ಲಿ 40-40 ಸಮನಾಗಿ ಡ್ಯೂಸ್ ಆದಾಗ, ಗೆಲ್ಲಲು ಎರಡು ಪಾಯಿಂಟ್ ಮುನ್ನಡೆ ಬೇಕೆನ್ನುವ ಅಡ್ವಾಂಟೇಜ್ ಎಂಬುದಿಲ್ಲ, ಮುಂದಿನ ಒಂದೇ ಪಾಯಿಂಟ್ ಆ ಗೇಮನ್ನು ತೀರ್ಮಾನಿಸುತ್ತದೆ. ಇವತ್ತಿನ ನಿಯಮವಿದು, 1970ರ ದಶಕದಲ್ಲಿ ಲೆಕ್ಕದ ರೀತಿ ಬೇರೆಯಿತ್ತಾದರೂ ತಿರುಳು ಬೇರೆಯಿರಲಿಲ್ಲ. ಆ ತಿರುಳೆಂದರೆ, ತಂಡದ ಅತ್ಯುತ್ತಮ ಆಟಗಾರ್ತಿ ಒಂದನೆಯ ಅಂಕಣದಲ್ಲಿ ಗೆದ್ದರೂ ಒಂದೇ ಅಂಕ, ಎಲ್ಲರಿಗಿಂತ ಕೆಳಗಿನ ಕ್ರಮಾಂಕದವಳು ಆರನೆಯ ಅಂಕಣದಲ್ಲಿ ಗೆದ್ದರೂ ಒಂದೇ ಅಂಕ. ಮೂರು-ಮೂರು ಆಗಿ ನಿಂತ ಹೊತ್ತಿನಲ್ಲಿ ಉಳಿದ ಪಂದ್ಯಗಳೆಲ್ಲ ಮುಗಿದು, ಎರಡೂ ತಂಡಗಳು ಬಂದು ಆ ಕೊನೆಯ ಅಂಕಣದ ಬೇಲಿಗೆ ಒರಗಿ ನಿಲ್ಲುತ್ತವೆ. ಟೆನಿಸ್‌ನಂತಹ ಒಂಟಿಯಾಟ ಆ ಕ್ಷಣದಲ್ಲಿ ಇಡೀ ಗುಂಪಿನ ಆಟವಾಗಿಬಿಡುತ್ತದೆ. ಅದನ್ನು ಒಮ್ಮೆ ಕಣ್ಣಾರೆ ಕಂಡವರು "ವಿಂಬಲ್ಡನ್ ಆಡಿದ್ದರೇ" ಎಂದು ಕೇಳುವ ಮೊದಲು "ಯಾವ ಕ್ರಮಾಂಕದಲ್ಲಿ ಆಡುತ್ತಿದ್ದರು" ಎಂದು ಕೇಳುತ್ತಾರೆ.

ನಮ್ಮ ಸನ್ಮಾನಿತೆ ಮೂರನೆಯ ಕ್ರಮಾಂಕದಲ್ಲಿ ಸಿಂಗಲ್ಸ್, ಒಂದನೆಯ ಕ್ರಮಾಂಕದಲ್ಲಿ ಡಬಲ್ಸ್ ಆಡುತ್ತಿದ್ದರು. ಆದರೆ ಅವರ ಹೆಸರು ಸಮಿತಿಯ ಮುಂದೆ ಬರಲು ಇಷ್ಟೊಂದು ವರ್ಷ ಹಿಡಿದದ್ದಕ್ಕೆ ಕಾರಣ ಅವರ ಆಟದಲ್ಲಿಲ್ಲ, ಅವರು ಆಡಿದ ಕಾಲದಲ್ಲಿದೆ. ನನ್ನ ಉತ್ತರದ ಮುಖ್ಯ ಭಾಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಅಮೆರಿಕದ ಹೆಸರಾಂತ ಟೆನಿಸ್ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ 1961ರಲ್ಲಿ, ತಮ್ಮ ಹದಿನೇಳನೆಯ ವಯಸ್ಸಿನಲ್ಲಿ, ಕ್ಯಾರನ್ ಹ್ಯಾಂಟ್ಸ್ ಜೊತೆಗೂಡಿ ವಿಂಬಲ್ಡನ್ ಡಬಲ್ಸ್ ಗೆದ್ದರು. ಅದೇ ವರ್ಷ ಅವರು ಲಾಸ್ ಏಂಜಲೀಸ್ ಸ್ಟೇಟ್ ಕಾಲೇಜಿಗೆ ಸೇರಿದಾಗ ಅವರಿಗೆ ಟೆನಿಸ್‌ಗಾಗಿ ವಿದ್ಯಾರ್ಥಿವೇತನ ಸಿಗಲಿಲ್ಲ. ಖರ್ಚಿಗಾಗಿ ಕೆಲಸ ಮಾಡುತ್ತ ಓದಿದರು. ಅದೇ ನಗರದಲ್ಲಿ, ಅದೇ ದಶಕದಲ್ಲಿ, ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಆಟಗಾರ ಆರ್ಥರ್ ಆಶ್ ಅವರಿಗೂ ಯುಎಸ್‌ಸಿ ವಿಶ್ವವಿದ್ಯಾಲಯದಲ್ಲಿ ಆಟಗಾರ ಸ್ಟ್ಯಾನ್ ಸ್ಮಿತ್ ಅವರಿಗೂ ವಿದ್ಯಾರ್ಥಿವೇತನವಿತ್ತು. ಈ ಹೋಲಿಕೆಯನ್ನು ಕಿಂಗ್ ಅವರೇ ಮತ್ತೆ ಮತ್ತೆ ನೆನಪಿಸಿದ್ದಾರೆ. ವಿಂಬಲ್ಡನ್ ಗೆದ್ದ ಹುಡುಗಿಗೇ ಹೀಗಾದರೆ ಉಳಿದವರ ಪಾಡೇನಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

1972ರ ಜೂನ್ 23ರಂದು ಟೈಟಲ್ ನೈನ್ ಎಂದು ಹೆಸರಾದ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಲ್ಲೂ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎನ್ನುವ ಅದರ ಮೂಲ ವಾಕ್ಯದಲ್ಲಿರುವುದು ಇಂಗ್ಲಿಷಿನ 37 ಪದಗಳು. ಅವುಗಳಲ್ಲಿ ಕ್ರೀಡೆ ಎಂಬ ಮಾತೇ ಇಲ್ಲ. ಕ್ರೀಡೆಯನ್ನೂ ಒಳಗೊಂಡ ವಿವರವಾದ ನಿಯಮಗಳು ಬಂದದ್ದು 1975ರಲ್ಲಿ, ಅವುಗಳನ್ನು ಪೂರ್ತಿ ಜಾರಿಗೆ ತರಲು ಕಾಲೇಜುಗಳಿಗೆ ಕೊಟ್ಟ ಗಡುವು 1978. ಹಾಗಾಗಿ 1972ರಲ್ಲಿ ಎಲ್ಲವೂ ಬದಲಾಯಿತು ಎಂದು ಓದುವ ನಮಗೆ ಒಂದು ಸಂಗತಿ ಕಾಣದೇ ಹೋಗುತ್ತದೆ: ಕಾನೂನು ಬಂದ ಮೇಲೂ ಸುಮಾರು ಆರು ವರ್ಷಗಳ ಕಾಲ ಹುಡುಗಿಯರು ಹಳೆಯ ವ್ಯವಸ್ಥೆಯಲ್ಲೇ ಆಡಿ, ಪದವಿ ಪಡೆದು ಹೊರಟುಹೋದರು.

ಆಗ ಮಹಿಳಾ ಕಾಲೇಜು ಕ್ರೀಡೆಯನ್ನು ನಡೆಸುತ್ತಿದ್ದುದು ಎಐಎಡಬ್ಲ್ಯು ಎಂಬ ಸಂಸ್ಥೆ. ಅದರ ನಿಯಮದಂತೆ ಕ್ರೀಡಾ ವಿದ್ಯಾರ್ಥಿವೇತನ ಪಡೆದವರು ಅದರ ಚಾಂಪಿಯನ್‌ಷಿಪ್‌ಗಳಲ್ಲಿ ಆಡುವಂತಿರಲಿಲ್ಲ. ಇದು ಕೇಡು ಬಗೆಯುವ ಉದ್ದೇಶದಿಂದ ಮಾಡಿದ ನಿಯಮವಾಗಿರಲಿಲ್ಲ. ಪುರುಷರ ಕಾಲೇಜು ಕ್ರೀಡೆಯಲ್ಲಿ ಆಟಗಾರರನ್ನು ಸೆಳೆಯಲು ನಡೆಯುತ್ತಿದ್ದ ಹಣದ ಪೈಪೋಟಿ ತಮ್ಮ ವಿದ್ಯಾರ್ಥಿನಿಯರನ್ನು ಮುಟ್ಟಬಾರದು ಎಂಬ ಕಾಳಜಿ ಆ ಸಂಸ್ಥೆಯನ್ನು ಕಟ್ಟಿದ ಅಧ್ಯಾಪಕಿಯರಿಗಿತ್ತು. ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ; ಆದರೂ ಅದರ ಭಾರವನ್ನು ಹೊತ್ತವರು ಹುಡುಗಿಯರು ಎಂಬುದನ್ನು ಮರೆಯಲಾರೆ. 1973ರಲ್ಲಿ ಈ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರಲ್ಲಿ ಟೆನಿಸ್‌ನವರೇ ಮುಂದಿದ್ದರು. ಫ್ಲಾರಿಡಾದ ಮೇರಿಮೌಂಟ್ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ನಿರ್ದೇಶಕಿಯಾಗಿದ್ದ ಫರ್ನ್ ಕೆಲ್ಮಯರ್, ಎಲ್ಲರ ಬಾಯಲ್ಲಿ ಪೀಚಿ ಕೆಲ್ಮಯರ್, ಮತ್ತು ವಿದ್ಯಾರ್ಥಿವೇತನ ಪಡೆದ ಆಟಗಾರ್ತಿಯರು ಮೊಕದ್ದಮೆ ಹೂಡಿದರು. ಅದೇ ವರ್ಷ ಎಐಎಡಬ್ಲ್ಯು ತನ್ನ ನಿಯಮವನ್ನು ಬದಲಿಸಿತು. ಇವತ್ತು ಟೆನಿಸ್ ಆಡಿ ಕಾಲೇಜು ಓದುವ ಹುಡುಗಿಯರಲ್ಲಿ ಈ ಹೆಸರನ್ನು ಬಲ್ಲವರು ಹೆಚ್ಚಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಎನ್‌ಸಿಎಎ ಮಹಿಳೆಯರಿಗಾಗಿ ಮೊದಲ ಟೆನಿಸ್ ಚಾಂಪಿಯನ್‌ಷಿಪ್ ನಡೆಸಿದ್ದು 1982ರಲ್ಲಿ. ಅಗ್ರ ವಿಭಾಗದ ತಂಡ ಪ್ರಶಸ್ತಿ ಸ್ಟ್ಯಾನ್‌ಫರ್ಡ್‌ಗೆ, ಸಿಂಗಲ್ಸ್ ಪ್ರಶಸ್ತಿ ಅದೇ ತಂಡದ ಅಲಿಶಿಯಾ ಮೌಲ್ಟನ್ ಅವರಿಗೆ ಸಂದಿತು. ಅಂಕಿಅಂಶಗಳನ್ನು ಕ್ರಮವಾಗಿ ಬರೆದಿಡುವ ಪದ್ಧತಿ ಬೇರೂರಿದ್ದು ಹೆಚ್ಚುಕಡಿಮೆ ಅಲ್ಲಿಂದ ಮುಂದೆ. ಅದಕ್ಕೂ ಹಿಂದಿನವರ ಪಂದ್ಯಗಳು ನಮ್ಮ ಕಪಾಟುಗಳಲ್ಲಿ ಸರಿಯಾಗಿ ಇಲ್ಲ. ಅದೇ ವರ್ಷಗಳ ಪುರುಷರ ತಂಡದ ಪ್ರತಿಯೊಂದು ಸೆಟ್ ಟೈಪ್ ಮಾಡಿ, ಬೈಂಡ್ ಹಾಕಿ ಇಟ್ಟಿದ್ದಾರೆ. ಮಹಿಳಾ ತಂಡದ್ದನ್ನು ವಿದ್ಯಾರ್ಥಿ ಪತ್ರಿಕೆಯ ಮೂಲೆಯ ಎರಡು ಸಾಲುಗಳಿಂದ, ವಾರ್ಷಿಕ ಸಂಚಿಕೆಯ ಗುಂಪು ಚಿತ್ರದ ಅಡಿಬರಹದಿಂದ, ಎದುರಾಳಿ ಕಾಲೇಜುಗಳು ಕಳಿಸಿದ ಪತ್ರಗಳಿಂದ ಹೆಕ್ಕಬೇಕು. ಈ ಆಟಗಾರ್ತಿಯ ನಾಲ್ಕು ಋತುಗಳಲ್ಲಿ ಎರಡನ್ನು ಮಾತ್ರ ನಾನು ಪೂರ್ತಿ ಜೋಡಿಸಬಲ್ಲವನಾದೆ. ಆ ಎರಡರಲ್ಲಿ ಅವರು ಸೋತದ್ದು ಐದೇ ಸಿಂಗಲ್ಸ್ ಪಂದ್ಯಗಳನ್ನು. ಉಳಿದೆರಡು ಋತುಗಳು ಖಾಲಿ ಇದ್ದವು. ಖಾಲಿ ಇರುವುದೆಂದರೆ ಆಡಿಲ್ಲ ಎಂದಲ್ಲ, ಯಾರೂ ಬರೆದಿಡಲಿಲ್ಲ ಎಂದು. ಆದರೆ ಆಯ್ಕೆಯ ಮೇಜಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅವರ ಹೆಸರು ಹಿಂದೆ ಎರಡು ಬಾರಿ ಸೂಚನೆಯಾಗಿ ಬಿದ್ದುಹೋಗಿದ್ದು ಇದೇ ಕಾರಣಕ್ಕೆ.

ಇಂತಹ ಗೌರವಗಳು ದೇಣಿಗೆ ಕೊಡುವ ಹಳೆಯ ವಿದ್ಯಾರ್ಥಿಗಳನ್ನು ಒಲಿಸಿಕೊಳ್ಳುವ ದಾರಿಯಲ್ಲವೇ ಎಂದೂ ಕೆಲವರು ಕೇಳುತ್ತಾರೆ. ಹಳಬರನ್ನು ಹತ್ತಿರ ಇಟ್ಟುಕೊಳ್ಳುವ ಆಸೆ ವಿಶ್ವವಿದ್ಯಾಲಯಗಳಿಗೆ ಇರುವುದು ಸಹಜ. ಆದರೆ ನಾನಿರುವ ಸಮಿತಿಯಲ್ಲಿ ದೇಣಿಗೆಯ ಪಟ್ಟಿಯನ್ನು ಯಾರೂ ತೆರೆದಿಲ್ಲ, ತೆರೆದಿದ್ದರೆ ಈ ಹೆಸರು ಅದರಲ್ಲಿ ಇರುತ್ತಲೂ ಇರಲಿಲ್ಲ. ಅವರು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು.

ಆ ಸಂಜೆ ಅವರಿಗೆ ಫಲಕದ ಜೊತೆಗೆ ವಾರ್ಸಿಟಿ ಲೆಟರ್ ಕೂಡ ಕೊಟ್ಟರು. ತಂಡದಲ್ಲಿ ಆಡಿ ಅರ್ಹತೆ ಗಳಿಸಿದವರಿಗೆ ಕೊಡುವ, ಜಾಕೆಟ್‌ನ ಮೇಲೆ ಹೊಲಿದುಕೊಳ್ಳುವ ಬಟ್ಟೆಯ ದೊಡ್ಡ ಅಕ್ಷರ ಅದು. ಅವರ ಕಾಲದಲ್ಲಿ ನಮ್ಮಲ್ಲಿ ಅದು ಪುರುಷರಿಗೆ ಮಾತ್ರ ಸಿಗುತ್ತಿತ್ತು. ಇಂತಹ ತಡವಾದ ಲೆಟರ್‌ಗಳನ್ನು ಈಗ ಅನೇಕ ಕಾಲೇಜುಗಳು ತಮ್ಮ ಹಳೆಯ ಆಟಗಾರ್ತಿಯರಿಗೆ ಕೊಡುತ್ತಿವೆ. ಫಲಕವನ್ನು ಅವರು ಮೇಜಿನ ಮೇಲೆ ಬಿಟ್ಟರು, ಲೆಟರನ್ನು ಮಾತ್ರ ಊಟ ಮುಗಿಯುವವರೆಗೂ ಮಡಿಲಲ್ಲಿ ಇಟ್ಟುಕೊಂಡಿದ್ದರು. 1971-72ರಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಆಡುತ್ತಿದ್ದ ಮಹಿಳೆಯರು ಸುಮಾರು 30,000; ಈಗ ಎರಡು ಲಕ್ಷಕ್ಕೂ ಹೆಚ್ಚು. ನಡುವಿನ ಆ ದೂರವನ್ನು ಯಾರೋ ಆಡಿಯೇ ಕ್ರಮಿಸಿದ್ದಾರೆ, ಮತ್ತು ಅವರಲ್ಲೊಬ್ಬರು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತಿದ್ದರು. ಸನ್ಮಾನವೇಕೆ ಎಂಬುದಕ್ಕೆ ನನ್ನಲ್ಲಿ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಸಮಾರಂಭದ ಎರಡು ವಾರಗಳ ನಂತರ ಅವರ ಡಬಲ್ಸ್ ಜೊತೆಗಾರ್ತಿಯಿಂದ ನನಗೊಂದು ಲಕೋಟೆ ಬಂತು. ಒಳಗೆ ಸ್ಪೈರಲ್ ನೋಟ್‌ಬುಕ್ಕಿನ ಹಾಳೆಗಳು: ಪ್ರತಿ ಪ್ರವಾಸದ ದಿನಾಂಕ, ಎದುರಾಳಿ ಕಾಲೇಜು, ಸೆಟ್‌ಗಳ ಅಂಕಗಳು, ಪೆನ್ಸಿಲ್‌ನಲ್ಲಿ. ಖಾಲಿಯಿದ್ದ ಎರಡು ಋತುಗಳಲ್ಲಿ ಒಂದು ಅದರಿಂದ ತುಂಬಿತು. ಫಲಕ ಆಗಲೇ ಗೋಡೆ ಸೇರಿದೆ, ಅದನ್ನು ತಿದ್ದಲಾಗದು. ಕಪಾಟಿನಲ್ಲಿರುವ ದಾಖಲೆಯನ್ನು ಮಾತ್ರ ಕಳೆದ ಶುಕ್ರವಾರ ತಿದ್ದಿ, ಪುರುಷರ ತಂಡದ ಅದೇ ವರ್ಷದ ಸಂಪುಟದ ಪಕ್ಕದಲ್ಲಿ ಇಟ್ಟಿದ್ದೇನೆ.