ಆನಿ ತೊಗಲು ಅಂದಾಗ ನಕ್ಕಿದ್ದೆ

ಒಂದು ಏಪ್ರಿಲ್‌ನಲ್ಲಿ ಲೋಕಾಪುರ ಕಡೆ ಎಲ್ಲಿ ಯಾವ ಕಲ್ಲಿದೆ ಅಂತ ಮ್ಯಾಪಿಂಗಿಗೆ ಹೋಗಿದ್ವಿ, ಬಾಗಲಕೋಟೆ ಕಡೆಯ ಕಲಾದಗಿ ಬೇಸಿನ್, ಅಂದ್ರೆ ಹಳೇ ಕಾಲದಲ್ಲಿ ನೀರಡಿ ಕೆಸರು-ಮರಳು ಪದರ ಪದರವಾಗಿ ಕೂತು ಕಲ್ಲಾದ ಜಾಗ. ದಿನಕ್ಕೆ 20 ಸ್ಯಾಂಪಲ್ ಟಾರ್ಗೆಟ್, ಹತ್ತು ಗಂಟೆಗೆಲ್ಲಾ ಹ್ಯಾಮರ್ ಮುಟ್ಟಿದ್ರೆ ಕೈ ಸುಡೋ ಬಿಸಿಲು. ಸಾಲದ್ದಕ್ಕೆ ಆಫೀಸಿನವ್ರು ಹೊಸ ಟ್ಯಾಬ್ ಬೇರೆ ಕೊಟ್ಟಿದ್ರು. ಅದರ ಆ್ಯಪ್‌ನಲ್ಲಿ ಮೊದಲು ಡ್ರಾಪ್‌ಡೌನ್‌ನಿಂದ ಲಿಥಾಲಜಿ, ಅಂದ್ರೆ ಕಲ್ಲಿನ ಹೆಸರು, ಆರಿಸ್ಬೇಕು, ಆಮೇಲೇ ಬಣ್ಣ, ಗ್ರೇನ್ ಸೈಜ್, ವೆದರಿಂಗ್ (ಬಿಸಿಲು ಮಳೆಗೆ ಸವೆದ ರೀತಿ) ಬರೆಯೋ ಜಾಗ ಓಪನ್ ಆಗೋದು. ಮಗು ಮುಖ ನೋಡೋ ಮೊದಲೇ ನಾಮಕರಣ. ಬ್ರಿಟಿಷ್ ಭೂವಿಜ್ಞಾನಿ ಬ್ರೂಸ್ ಫೂಟ್ 1876ರಲ್ಲೇ ಈ ಸೀಮೆ ಕಲ್ಲುಗಳ ಬಗ್ಗೆ ದೊಡ್ಡ ವರದಿ (ಮೆಮಾಯರ್) ಬರ್ದಿದ್ದಾನೆ, ಡ್ರಾಪ್‌ಡೌನ್ ಇಲ್ದೇನೇ.

ಮಧ್ಯಾಹ್ನ ಒಂದು ಸಣ್ಣ ದಿಬ್ಬ. ಬೂದು ಬಣ್ಣದ ಗಟ್ಟಿ ಕಲ್ಲು, ಕಣ ಕಣ್ಣಿಗೆ ಕಾಣದಷ್ಟು ಸಣ್ಣ. ಒಡೆದ ಮುಖದ ಮೇಲೆ ಎರಡು ಹನಿ ಆಸಿಡ್ ಬಿಟ್ಟೆ, ಸುಣ್ಣದಕಲ್ಲಾಗಿದ್ರೆ ಫಿಜ್, ಅಂದ್ರೆ ಗುಳ್ಳೆ, ಬರ್ಬೇಕಿತ್ತು, ಏನೂ ಆಗ್ಲಿಲ್ಲ. ಹಿಂದಿನ ದಿನವೆಲ್ಲಾ ಕ್ವಾರ್ಟ್ಜೈಟ್ (ಮರಳು ಬಿಗಿದು ಆದ ತುಂಬಾ ಗಟ್ಟಿ ಕಲ್ಲು) ನೋಡಿ ನೋಡಿ ತಲೇಲಿ ಅದೇ ಕೂತಿತ್ತು, ಅದನ್ನೇ ಒತ್ತಿದೆ. ಚಾಕು ಜೇಬಲ್ಲೇ ಇತ್ತು, ಲೆನ್ಸ್ ಕೊರಳಲ್ಲೇ ನೇತಾಡ್ತಿತ್ತು. ಸ್ಯಾಂಪಲ್ ಹೊರೋಕೆ ಬಂದಿದ್ದ ಊರಿನ ಕಾಕಾ ಕಲ್ಲಿನ ಮೇಲೆ ಕೈ ಸವರಿ "ಸರ, ಇದು ಆನಿ ತೊಗಲ ಇದ್ದಂಗ ಐತಲ್ರೀ" ಅಂದ. ನಕ್ಕು ಸುಮ್ನಾದೆ. ಒಂಬತ್ತು ಸ್ಯಾಂಪಲ್, ಒಂದೇ ಡಿಸ್ಕ್ರಿಪ್ಷನ್, ಕಾಪಿ ಪೇಸ್ಟ್.

ಸಂಜೆ ಕ್ಯಾಂಪಲ್ಲಿ ಸೀನಿಯರ್ ಚೀಲಗಳನ್ನ ಟೇಬಲ್ ಮೇಲೆ ಸುರಿಸಿ, ಒಂದು ತುಂಡು ಎತ್ಕೊಂಡ್ರು. "ಕ್ವಾರ್ಟ್ಜೈಟಾ?" "ಹೌದು ಸರ್, ಫಿಜ್ ಬರ್ಲಿಲ್ಲ." "ಪುಡಿ ಮಾಡಿ ಹಾಕಿದ್ಯಾ?" ನಾನು ಮಾತಾಡ್ಲಿಲ್ಲ. ಅವ್ರು ಚಾಕು ತೆಗೆದು ಕರಕರ ಅಂತ ಗೀಚಿದ್ರು. ಗೀರು ಬಿತ್ತು, ಬಿಳಿ ಪುಡಿ ಉದುರ್ತು. ಅಲ್ಲಿಗೇ ಮುಗೀತು ನನ್ನ ಕಥೆ, ಕ್ವಾರ್ಟ್ಜೈಟ್ ಆಗಿದ್ರೆ ಕಲ್ಲಿನ ಮೇಲೆ ಚಾಕುವಿನ ಉಕ್ಕೇ ಸವೆದು ಬೂದು ಗೆರೆ ಬೀಳ್ಬೇಕಿತ್ತು. ಆದ್ರೂ ಪುಡಿ ಮೇಲೆ ಹನಿ ಬಿಟ್ಟಾಗ ಒಂದೆರಡು ಸೆಕೆಂಡ್ ಏನೂ ಆಗ್ಲಿಲ್ಲ ನೋಡಿ, ನಾಚಿಕೆ ಬಿಟ್ಟು ಹೇಳ್ತೀನಿ, ಬಚಾವಾದೆ ಅಂದ್ಕೊಂಡೆ. ಆಮೇಲೆ ಅಂಚಿಂದ ಸಾಸಿವೆಗಿಂತ ಸಣ್ಣ ಗುಳ್ಳೆ ಒಂದೊಂದಾಗಿ ಎದ್ವು. ಡಾಲಮೈಟ್, ಸುಣ್ಣದಕಲ್ಲಿನ ಮೆಗ್ನೀಸಿಯಂ ಇರೋ ದಾಯಾದಿ. ಸುಣ್ಣದಕಲ್ಲಿನ ಹಾಗೆ ಬುರುಬುರು ಅನ್ನಲ್ಲ ಅದು, ತಣ್ಣನೆ ಆಸಿಡ್‌ಗೆ ಪುಡಿ ಮಾಡಿ ಕೊಟ್ರೆ ಮಾತ್ರ ಮೆಲ್ಲಗೆ ಬಾಯಿ ಬಿಡುತ್ತೆ. ವೆದರ್ ಆದ ಮೈ ಸುಕ್ಕುಗಟ್ಟಿ ಆನೆ ಚರ್ಮದ ಹಾಗೆ ಕಾಣುತ್ತೆ ಅಂತ ಎಂಎಸ್ಸಿ ಪರೀಕ್ಷೇಲಿ ನಾನೇ ಬರ್ದು ಮಾರ್ಕ್ಸ್ ತಗೊಂಡಿದ್ದೆ, ಕಾಕಾ ಬಾಯಲ್ಲಿ ಬಂದಾಗ ಕಿವಿಗೇ ಬೀಳ್ಲಿಲ್ಲ.

ಸೀನಿಯರ್ ಬೈಯ್ಲಿಲ್ಲ, "ನಾಳೆ ಹೋಗಿ ಬಾ" ಅಂದ್ರು ಅಷ್ಟೇ. ಬೈದಿದ್ರೆ ಊಟ ಸೇರ್ತಿತ್ತೇನೋ. ಮಾರನೇ ದಿನ ಒಂಬತ್ತೂ ಜಾಗಕ್ಕೆ ಮತ್ತೆ ಹೋದೆ, ಅದರಲ್ಲಿ ಎರಡು ಚರ್ಟ್ (ಸಿಲಿಕಾದ ಗಟ್ಟಿ ಕಲ್ಲು) ಪಟ್ಟಿ ಬೇರೆ, ಅದನ್ನೂ ಒಟ್ಟಿಗೆ ಸೇರಿಸಿಬಿಟ್ಟಿದ್ದೆ. ಕಾಕಾ ಕಾರಣ ಕೇಳಿದ, ಆನಿ ತೊಗಲ ನೋಡೋಕೆ ಬಂದೆ ಅಂದೆ.

ಅವತ್ತಿಂದ ಫೀಲ್ಡ್ ನೋಟ್‌ಬುಕ್‌ನಲ್ಲಿ ಎಡಗಡೆ ಪುಟ ಬರೀ ಕಂಡಿದ್ದಕ್ಕೆ, ಕಲ್ಲಿನ ಹೆಸರು ಬಲಗಡೆ, ಅದೂ ಪೆನ್ಸಿಲ್‌ನಲ್ಲಿ. ಲಿಸ್ಟಲ್ಲಿ "ಗೊತ್ತಿಲ್ಲ" ಅಂತ ಒಂದು ಆಪ್ಷನ್ ಸೇರ್ಸಿ ಅಂತ ಮೇಲ್ ಹಾಕಿದೆ, "ನೋಟೆಡ್" ಅಂತ ರಿಪ್ಲೈ ಬಂತು. ಈಗ ಅನುಮಾನ ಬಂದಾಗ ಎಲ್ರೂ ಲಿಸ್ಟಿನ ಮೊದಲ ಹೆಸರು ಒತ್ತಿ ಮುಂದೆ ಹೋಗ್ತಾರೆ. ಹಾಗಾಗಿ ನಮ್ಮ ಡೇಟಾಬೇಸ್ ಪ್ರಕಾರ ಕಲಾದಗಿ ಬೇಸಿನ್ ತುಂಬಾ ಜ್ವಾಲಾಮುಖಿ ಉಗುಳಿದ ಕಲ್ಲು, ಅಗ್ಲೊಮರೇಟ್.